ಆಪರೇಷನ್ ಮುಗಿದ ಮೇಲೆ: ಸ್ಪೈನಾ ಬೈಫಿಡಾ ಮತ್ತು ಫಿಸಿಯೊಥೆರಪಿ



ಈ ಸಲ ನಮ್ಮ ವೈದ್ಯಕೀಯ ನೆರವು ಸಮಿತಿಯ ಮುಂದೆ ಬಂದ ಅರ್ಜಿಗಳಲ್ಲಿ ಒಂದು ಓಖ್ಲಾದ ಮೂರು ವರ್ಷದ ಹೆಣ್ಣುಮಗುವಿನದು. ಕಾಯಿಲೆಯ ಹೆಸರು ಸ್ಪೈನಾ ಬೈಫಿಡಾ. ಅರ್ಜಿ ಓದಿದಾಗ ಸಭೆಯಲ್ಲಿ ಎರಡು ಪ್ರಶ್ನೆಗಳು ಬಂದವು. ಇದು ಎಂಥ ಕಾಯಿಲೆ? ಈ ಮಗುವಿನ ಆಪರೇಷನ್‌ಗೆ ಸಂಘ ಆಗಲೇ ಹಣ ಕೊಟ್ಟಿದೆಯಲ್ಲ, ಮತ್ತೆ ಏಕೆ? ಎರಡೂ ನ್ಯಾಯವಾದ ಪ್ರಶ್ನೆಗಳೇ. ನಾನು ಓಖ್ಲಾ ಭಾಗದಲ್ಲಿ ಫಿಸಿಯೊಥೆರಪಿಸ್ಟ್ ಆಗಿ ಕೆಲಸ ಮಾಡುವವಳಾದ್ದರಿಂದ ಉತ್ತರವನ್ನು ವಾರ್ತಾಪತ್ರಕ್ಕೆ ಬರೆದುಕೊಡಲು ಸಮಿತಿಯವರು ಹೇಳಿದರು. ಮಗುವಿನ ಹೆಸರು, ಊರು ಬರೆಯುತ್ತಿಲ್ಲ. ತಂದೆ ಇಲ್ಲಿನ ಒಂದು ಹೊಲಿಗೆ ಘಟಕದಲ್ಲಿ ಟೈಲರ್, ತಾಯಿ ಮನೆಯಲ್ಲಿರುತ್ತಾರೆ, ಇಬ್ಬರೂ ಉತ್ತರ ಕರ್ನಾಟಕದವರು ಎಂದಷ್ಟೇ ತಿಳಿದರೆ ಸಾಕು.

ಇದು ಏನು?

ಗರ್ಭದಲ್ಲಿ ಶಿಶುವಿನ ಮಿದುಳು ಮತ್ತು ಬೆನ್ನುಹುರಿ ಮೊದಲಿಗೆ ಚಪ್ಪಟೆಯಾದ ಒಂದು ಪದರ. ಆ ಪದರದ ಎರಡು ಅಂಚುಗಳು ಮೇಲೆದ್ದು, ಬಾಗಿ, ಒಂದಕ್ಕೊಂದು ಕೂಡಿ ಕೊಳವೆಯಾಗುತ್ತವೆ. ಇದಕ್ಕೆ ನರಕೊಳವೆ ಎನ್ನೋಣ. ಮಗುವಿನ ತಂದೆಗೆ ನಾನು ಹೇಳಿದ್ದು ಅವರ ಕಸುಬಿನ ಮಾತಿನಲ್ಲಿ: ತೋಳಿಗೆ ಕತ್ತರಿಸಿದ ಬಟ್ಟೆಯ ಎರಡು ಅಂಚು ಸೇರಿಸಿ ಹೊಲಿದರೆ ತೋಳು ಆಗುತ್ತದೆ; ಎಲ್ಲೋ ಒಂದು ಗೇಣು ಹೊಲಿಗೆ ಬೀಳದೆ ಉಳಿದರೆ ಅಲ್ಲಿ ಬಾಯಿ ಬಿಟ್ಟುಕೊಂಡಿರುತ್ತದೆ. ಗರ್ಭ ನಿಂತ ಸುಮಾರು 28ನೆಯ ದಿನದೊಳಗೆ ಈ ಕೊಳವೆ ಪೂರ್ತಿ ಮುಚ್ಚಬೇಕು. ಬೆನ್ನಿನ ಭಾಗದಲ್ಲಿ ಮುಚ್ಚದೆ ಉಳಿದರೆ ಅದೇ ಸ್ಪೈನಾ ಬೈಫಿಡಾ. ಲ್ಯಾಟಿನ್ ಹೆಸರಿನ ಅರ್ಥ ‘ಇಬ್ಭಾಗವಾದ ಬೆನ್ನೆಲುಬು’.

28 ದಿನ ಎಂದರೆ ಎಷ್ಟೋ ತಾಯಂದಿರಿಗೆ ತಾವು ಬಸುರಿ ಎಂದು ತಿಳಿಯುವ ಮುನ್ನವೇ ಎಲ್ಲವೂ ನಡೆದುಹೋಗಿರುತ್ತದೆ. ಆದ್ದರಿಂದ ಬಸುರಿಯಲ್ಲಿ ಹಾಗೆ ಕೂತಿದ್ದರಿಂದ ಆಯಿತು, ಗ್ರಹಣ ನೋಡಿದ್ದರಿಂದ ಆಯಿತು ಎಂದು ತಾಯಿಯ ಮೇಲೆ ಹೊರಿಸುವ ಮಾತುಗಳಿಗೆ ಯಾವ ಆಧಾರವೂ ಇಲ್ಲ. ಇದನ್ನು ಮನೆಯ ಹಿರಿಯರ ಎದುರಿಗೇ ಹೇಳುವುದು ನನ್ನ ಮೊದಲ ಕೆಲಸವಾಗಿರುತ್ತದೆ.

ಇದರಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದರಲ್ಲಿ ಬೆನ್ನೆಲುಬಿನ ಮೂಳೆಯಲ್ಲಿ ಮಾತ್ರ ಸಣ್ಣ ಬಿರುಕು, ಚರ್ಮ ಮುಚ್ಚಿರುತ್ತದೆ. ಹೆಚ್ಚಿನವರಿಗೆ ಇದರಿಂದ ತೊಂದರೆಯಿಲ್ಲ, ಬೇರೆ ಯಾವುದಕ್ಕೋ ತೆಗೆದ ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ. ಆದರೆ ಮಗುವಿನ ಕೆಳಬೆನ್ನಿನ ನಡುವೆ ಕೂದಲ ಗೊಂಚಲು, ಆಳವಾದ ಗುಳಿ ಅಥವಾ ಮೆತ್ತನೆಯ ಕೊಬ್ಬಿನ ಗಂಟು ಕಂಡರೆ ವೈದ್ಯರಿಗೆ ತೋರಿಸಲೇಬೇಕು. ಎರಡನೆಯದರಲ್ಲಿ ಬೆನ್ನಿನ ಮೇಲೆ ನೀರು ತುಂಬಿದ ಚೀಲ ಇರುತ್ತದೆ, ಒಳಗೆ ಬೆನ್ನುಹುರಿ ಇರುವುದಿಲ್ಲ. ಮೂರನೆಯದೇ ತೀವ್ರವಾದದ್ದು: ಚೀಲದೊಳಗೆ ಬೆನ್ನುಹುರಿ ಮತ್ತು ನರಗಳೇ ಹೊರಬಂದಿರುತ್ತವೆ. ನಮ್ಮ ಅರ್ಜಿಯ ಮಗುವಿಗೆ ಇದ್ದದ್ದು ಇದು.

ಅಪರೂಪವಲ್ಲ

ಭಾರತದ ಬೇರೆಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನರಕೊಳವೆಯ ಎಲ್ಲ ಬಗೆಯ ದೋಷಗಳು ಸೇರಿ ಸಾವಿರ ಹೆರಿಗೆಗೆ ನಾಲ್ಕಕ್ಕಿಂತ ಹೆಚ್ಚು ಕಂಡುಬರುತ್ತವೆ. ನಮ್ಮ ದಾವಣಗೆರೆಯ ವೈದ್ಯರು 1980ರ ದಶಕದಲ್ಲಿ ಅಲ್ಲಿನ ಸುಮಾರು 3500 ಹೆರಿಗೆಗಳನ್ನು ಲೆಕ್ಕ ಹಾಕಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಆ ಪ್ರಮಾಣ ಸಾವಿರಕ್ಕೆ ಸುಮಾರು 11 ಇತ್ತು. ಅಲ್ಲಿಯವರೆಗೆ ಇದು ಉತ್ತರ ಭಾರತದ ಕಾಯಿಲೆ ಎಂಬ ಭಾವನೆ ಇತ್ತು. ಕೇಂದ್ರ ಸರ್ಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ, ಮಕ್ಕಳಲ್ಲಿ ತಪಾಸಣೆ ಮಾಡಬೇಕಾದ ತೊಂದರೆಗಳ ಪಟ್ಟಿಯ ಮೊದಲ ಹೆಸರೇ ನರಕೊಳವೆ ದೋಷ.

ಆಪರೇಷನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಹುಟ್ಟಿದ ಎರಡು ಮೂರು ದಿನಗಳೊಳಗೆ ಶಸ್ತ್ರವೈದ್ಯರು ಹೊರಬಂದ ನರಗಳನ್ನು ಒಳಗಿಟ್ಟು ಬೆನ್ನು ಮುಚ್ಚುತ್ತಾರೆ. ಇದರಿಂದ ಸೋಂಕು ಮಿದುಳಿನ ಪೊರೆಗೆ ಏರುವುದು ತಪ್ಪುತ್ತದೆ, ಇರುವ ನರಗಳಿಗೆ ಮತ್ತಷ್ಟು ಪೆಟ್ಟು ಬೀಳುವುದು ತಪ್ಪುತ್ತದೆ. ಮಗುವಿನ ಪ್ರಾಣ ಉಳಿಸುವ ಆಪರೇಷನ್ ಇದು. ಅನೇಕ ಮಕ್ಕಳಿಗೆ ತಲೆಯಲ್ಲಿ ನೀರು ತುಂಬಿಕೊಳ್ಳುವ ತೊಂದರೆಯೂ ಜೊತೆಗಿರುವುದರಿಂದ, ಆ ನೀರನ್ನು ಹೊಟ್ಟೆಗೆ ಹರಿಸುವ ‘ಶಂಟ್’ ಎಂಬ ಸಣ್ಣ ನಳಿಕೆಯನ್ನು ಚರ್ಮದ ಕೆಳಗೆ ಇಡಬೇಕಾಗುತ್ತದೆ. ಸಂಘ ಕೊಟ್ಟ ಹಣ ಈ ಎರಡು ಆಪರೇಷನ್‌ಗಳ ಸಮಯದಲ್ಲಿ ಖರ್ಚಾಯಿತು. ಅದು ವ್ಯರ್ಥವಾಗಿಲ್ಲ.

ಆದರೆ ಗರ್ಭದಲ್ಲಿಯೇ ಕೆಟ್ಟುಹೋದ ನರ ಆಪರೇಷನ್‌ನಿಂದ ಮರಳಿ ಬರುವುದಿಲ್ಲ. ತಾಯಿ ನನ್ನ ಬಳಿ ಮೊದಲ ಸಲ ಬಂದಾಗ ಕೇಳಿದ್ದು ಒಂದೇ ಮಾತು: “ಮೇಡಂ, ಆಪರೇಶನ್ ಆಗೇತ್ರಿ. ಇನ್ನ ಯಾವಾಗ ನಡೀತಾಳ್ರಿ ನಮ್ಮ ಹುಡುಗಿ?”

“ಆಪರೇಷನ್ ಬೆನ್ನನ್ನ ಮುಚ್ಚಿದೆ ಅಮ್ಮಾ. ಕಾಲಲ್ಲಿ ಎಷ್ಟು ಬಲ ಉಳಿದಿದೆ ನೋಡಿ, ಅದನ್ನ ಕಾಪಾಡಿ ಬೆಳೆಸೋ ಕೆಲಸ ಈಗ ಶುರು” ಎಂದೆ.

“ಎಷ್ಟ ದಿನ ಬೇಕ್ರಿ?”

“ದಿನ ಅಲ್ಲ, ವರ್ಷಗಳು.”

ಈ ‘ವರ್ಷಗಳು’ ಎಂಬ ಮಾತೇ ಸಭೆಯ ಎರಡನೆಯ ಪ್ರಶ್ನೆಗೆ ಉತ್ತರ. ಉಳಿದದ್ದು ವಿವರಣೆ.

ಮೊದಲ ಕೆಲಸ: ಉಳಿದದ್ದು ಏನೆಂದು ನೋಡುವುದು

ಬೆನ್ನುಹುರಿಯಿಂದ ಮೇಲಿನಿಂದ ಕೆಳಕ್ಕೆ ಒಂದೊಂದೇ ಜೋಡಿ ನರ ಹೊರಟು ಒಂದೊಂದು ಸ್ನಾಯುಗುಂಪಿಗೆ ಹೋಗುತ್ತದೆ. ಸೊಂಟದ ಭಾಗದ ಮೇಲಿನ ನರಗಳು ತೊಡೆಯನ್ನು ಎತ್ತುತ್ತವೆ. ಅದಕ್ಕಿಂತ ಕೆಳಗಿನವು ಮಂಡಿಯನ್ನು ನೇರ ಮಾಡುತ್ತವೆ. ಇನ್ನೂ ಕೆಳಗಿನವು ಪಾದವನ್ನು ಮೇಲೆತ್ತುತ್ತವೆ. ಕಟ್ಟಕಡೆಯವು ಹಿಮ್ಮಡಿ ಎತ್ತಿ ಮುಂದಕ್ಕೆ ತಳ್ಳುವ ಬಲ ಕೊಡುತ್ತವೆ, ಮೂತ್ರಕೋಶ ಮತ್ತು ಮಲದ್ವಾರವನ್ನೂ ನೋಡಿಕೊಳ್ಳುತ್ತವೆ. ಬೆನ್ನು ಎಲ್ಲಿ ತೆರೆದಿತ್ತೋ ಸಾಮಾನ್ಯವಾಗಿ ಅಲ್ಲಿಂದ ಕೆಳಗಿನ ನರಗಳು ದುರ್ಬಲ.

ಆದ್ದರಿಂದ ಇಬ್ಬರು ಮಕ್ಕಳ ಸ್ಪೈನಾ ಬೈಫಿಡಾ ಒಂದೇ ರೀತಿ ಇರುವುದಿಲ್ಲ. ದೋಷ ತೀರ ಕೆಳಗಿದ್ದರೆ ಬಹುತೇಕ ಮಕ್ಕಳು ಸಣ್ಣ ಪಟ್ಟಿಯ ಸಹಾಯದಿಂದ ಅಥವಾ ಅದೂ ಇಲ್ಲದೆ ನಡೆಯುತ್ತಾರೆ. ಎದೆಯ ಮಟ್ಟದಲ್ಲಿದ್ದರೆ ಕಾಲು ಅಲುಗಾಡುವುದಿಲ್ಲ. ಚಿಕ್ಕಂದಿನಲ್ಲಿ ಪಟ್ಟಿ ಕಟ್ಟಿ ನಿಲ್ಲಬಹುದು, ದೊಡ್ಡವರಾದ ಮೇಲೆ ಓಡಾಟಕ್ಕೆ ಗಾಲಿಕುರ್ಚಿಯೇ ಅನುಕೂಲ. ನಡುವಿನವರ ವಿಷಯದಲ್ಲಿ ನಾವು ನೋಡುವುದು ಮಂಡಿ ನೇರ ಮಾಡುವ ತೊಡೆಯ ಮುಂಭಾಗದ ಸ್ನಾಯುವನ್ನು. ಅದು ಗಟ್ಟಿಯಿದ್ದರೆ ನಡಿಗೆಯ ಆಸೆ ಇಟ್ಟುಕೊಳ್ಳಬಹುದು. ಮೂರು ವರ್ಷದ ಈ ಹುಡುಗಿಗೆ ಆ ಸ್ನಾಯು ಎರಡೂ ಕಾಲಿನಲ್ಲಿ ಕೆಲಸ ಮಾಡುತ್ತಿದೆ. ಪಾದಗಳಲ್ಲಿ ಚಲನೆ ಇಲ್ಲ.

ಫಿಸಿಯೊಥೆರಪಿ ಎಂದರೆ ಏನು ಮಾಡುತ್ತೇವೆ?

ಕಾಲು ನೀವುವುದು, ಎಣ್ಣೆ ಹಚ್ಚಿ ಮಾಲೀಷು ಮಾಡುವುದು ಎಂದೇ ಹಲವರ ತಿಳಿವಳಿಕೆ. ಕೆಲಸ ಬೇರೆ, ವಯಸ್ಸಿಗೆ ತಕ್ಕಂತೆ ಬದಲಾಗುವಂಥದು.

ಮೊದಲ ತಿಂಗಳುಗಳಲ್ಲಿ ಕೀಲುಗಳನ್ನು ಉಳಿಸುವುದು. ಒಂದು ಕಡೆಯ ಸ್ನಾಯುವಿಗೆ ಬಲವಿದ್ದು ಎದುರು ಕಡೆಯದಕ್ಕೆ ಇಲ್ಲದಿದ್ದರೆ ಕೀಲು ಒಂದೇ ಕಡೆಗೆ ಸೆಳೆದು ಅಲ್ಲೇ ಬಿಗಿದುಕೊಳ್ಳುತ್ತದೆ. ಸೊಂಟ ಮಡಚಿಕೊಂಡೇ ಉಳಿಯುತ್ತದೆ, ಪಾದ ಒಳಕ್ಕೆ ತಿರುಚಿಕೊಳ್ಳುತ್ತದೆ. ಇದನ್ನು ತಡೆಯಲು ದಿನಕ್ಕೆ ಹಲವು ಸಲ, ಡೈಪರ್ ಬದಲಿಸುವಾಗಲೆಲ್ಲ, ಪ್ರತಿ ಕೀಲನ್ನೂ ನಿಧಾನವಾಗಿ ಪೂರ್ತಿ ಆಡಿಸಬೇಕು. ಜೋರು ಮಾಡಬಾರದು, ಈ ಮಕ್ಕಳ ಕಾಲಿನ ಮೂಳೆ ತೆಳು, ಎಳೆದರೆ ಮುರಿಯಬಹುದು. ಹುಟ್ಟುವಾಗಲೇ ತಿರುಚಿದ ಪಾದವಿದ್ದರೆ ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತ ನೇರ ಮಾಡಬಹುದು. ಸ್ಪರ್ಶಜ್ಞಾನ ಇಲ್ಲದ ಪಾದವಾದ್ದರಿಂದ ಪ್ಲಾಸ್ಟರ್ ಒಳಗೆ ಹುಣ್ಣಾಗದಂತೆ ಹೆಚ್ಚಿನ ಎಚ್ಚರ ಬೇಕು.

ಗಾಯ ಮಾಗಿದ ಮೇಲೆ ಮಗುವನ್ನು ಎಚ್ಚರವಾಗಿರುವಾಗ ಬೋರಲು ಮಲಗಿಸಿ ಆಡಿಸುತ್ತೇವೆ. ಕತ್ತು ನಿಲ್ಲುವುದು, ತೋಳಿನ ಮೇಲೆ ಭಾರ ಹಾಕುವುದು, ಹೊರಳುವುದು, ಕೂರುವುದು ಎಲ್ಲವೂ ಇಲ್ಲಿಂದ. ಕಾಲಿನಲ್ಲಿ ಬಲ ಕಡಿಮೆಯಿರುವ ಮಗುವಿಗೆ ತೋಳು, ಭುಜ, ಬೆನ್ನು, ಹೊಟ್ಟೆಯ ಸ್ನಾಯುಗಳೇ ಮುಂದಿನ ಬಂಡವಾಳ. ಊರುಗೋಲು ಹಿಡಿಯುವುದೂ, ಗಾಲಿಕುರ್ಚಿಗೆ ಜಿಗಿದು ಕೂರುವುದೂ ಈ ಬಲದಿಂದಲೇ.

ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ, ಓರಗೆಯ ಮಕ್ಕಳು ನಿಲ್ಲುವ ವಯಸ್ಸಿನಲ್ಲಿಯೇ, ಈ ಮಗುವನ್ನೂ ನಿಲ್ಲಿಸುತ್ತೇವೆ. ತನ್ನ ಕಾಲಿನಿಂದ ಆಗದಿದ್ದರೆ ನಿಲ್ಲುವ ಚೌಕಟ್ಟಿನಲ್ಲಿ ಕಟ್ಟಿ. ಭಾರ ಬಿದ್ದರೆ ಮೂಳೆ ಗಟ್ಟಿಯಾಗುತ್ತದೆ, ಸೊಂಟ ಮತ್ತು ಮಂಡಿ ನೇರವಾಗಿರುತ್ತವೆ, ಮಲಬದ್ಧತೆಗೂ ಒಳ್ಳೆಯದು. ಇನ್ನೊಂದು ಲಾಭವನ್ನು ಅಳೆಯಲಾಗದು: ಅಲ್ಲಿಯವರೆಗೆ ಎಲ್ಲರ ಮಂಡಿ ನೋಡುತ್ತಿದ್ದ ಮಗು ಮುಖ ನೋಡತೊಡಗುತ್ತದೆ.

ಆಮೇಲೆ ಕ್ಯಾಲಿಪರ್. ಪಾದ ಮತ್ತು ಹಿಮ್ಮಡಿಗೆ ಮಾತ್ರ ಸಾಕೇ, ಮಂಡಿಯ ಮೇಲಕ್ಕೂ ಬೇಕೇ, ಸೊಂಟದವರೆಗೂ ಬೇಕೇ ಎನ್ನುವುದು ಸ್ನಾಯುಬಲದ ಪರೀಕ್ಷೆಯಿಂದ ತೀರ್ಮಾನವಾಗುತ್ತದೆ. ಮೊದಲು ಸಮಾಂತರ ಕಂಬಿಗಳ ನಡುವೆ, ಆಮೇಲೆ ವಾಕರ್, ಆಮೇಲೆ ಮೊಣಕೈ ಊರುಗೋಲು. ನಮ್ಮ ಹುಡುಗಿ ಈಗ ಕಂಬಿ ಹಿಡಿದು ನಿಲ್ಲುತ್ತಾಳೆ, ಒಂದೊಂದೇ ಹೆಜ್ಜೆ ಎತ್ತಿಡುತ್ತಾಳೆ. ಅವಳ ಕ್ಯಾಲಿಪರ್ ಹೋದ ವರ್ಷದ ಅಳತೆಯದು. ಪಾದ ಬೆಳೆದಿದೆ, ಅಂಚು ಒತ್ತುತ್ತಿದೆ. ಹೊಸದು ಸಿಗುವವರೆಗೆ ಅವಳನ್ನು ಹೆಚ್ಚು ಹೊತ್ತು ನಿಲ್ಲಿಸುವಂತಿಲ್ಲ.

ಬಟ್ಟೆಯಂತೆ ಕ್ಯಾಲಿಪರ್ ಕೂಡ ಮಗು ಬೆಳೆದಂತೆ ಸಾಲದಾಗುತ್ತದೆ. ಬೆಳವಣಿಗೆ ನಿಲ್ಲುವವರೆಗೂ ಬದಲಿಸುತ್ತಲೇ ಇರಬೇಕು. ನಡುವೆ ಆರು ತಿಂಗಳು ಚಿಕಿತ್ಸೆ ಬಿಟ್ಟರೆ ಬಿಗಿದ ಕೀಲನ್ನು ಬಿಡಿಸಲು ಮತ್ತೆ ಆಪರೇಷನ್ ಬೇಕಾಗಬಹುದು. ಕೈಬಿಟ್ಟ ಫಿಸಿಯೊಥೆರಪಿಯ ಖರ್ಚು ಕೊನೆಗೆ ಆಸ್ಪತ್ರೆಯ ಬಿಲ್ಲಿನಲ್ಲಿ ಬರುತ್ತದೆ ಎಂದು ನಾನು ಸಭೆಯಲ್ಲಿ ಹೇಳಿದ್ದು ಈ ಅರ್ಥದಲ್ಲಿ.

ಗಾಲಿಕುರ್ಚಿಯ ಬಗ್ಗೆ ಒಂದು ಮಾತು. ಅದನ್ನು ಸೋಲು ಎಂದು ತಿಳಿಯಬೇಡಿ. ದೂರದ ಶಾಲೆಗೆ ಗಾಲಿಕುರ್ಚಿ, ತರಗತಿಯೊಳಗೆ ಊರುಗೋಲು ಎಂದು ಎರಡನ್ನೂ ಬಳಸುವ ಮಕ್ಕಳು ದಣಿಯದೆ ಪಾಠ ಕೇಳುತ್ತಾರೆ. ಮಗು ತನ್ನಷ್ಟಕ್ಕೆ ಓಡಾಡಬೇಕು, ಶಾಲೆಗೆ ಹೋಗಬೇಕು. ಅದಕ್ಕೆ ಕಾಲೇ ಆಗಬೇಕೆಂಬ ಹಟ ಬೇಡ.

ಮನೆಯವರು ತಿಳಿದಿರಬೇಕಾದ ಐದು ಎಚ್ಚರಿಕೆಗಳು

ಇಂಥ ಮಗು ನಿಮ್ಮ ನೆಂಟರಲ್ಲಿ, ನೆರೆಯಲ್ಲಿ ಇದ್ದರೆ ಈ ಭಾಗವನ್ನು ಅವರಿಗೆ ಓದಿಹೇಳಿ.

1. ಚರ್ಮ. ನೋವು, ಬಿಸಿ ಗೊತ್ತಾಗದ ಕಾಲು ಸುಲಭವಾಗಿ ಸುಡುತ್ತದೆ. ದೆಹಲಿಯ ಜನವರಿಯಲ್ಲಿ ಹೀಟರ್ ಮತ್ತು ಅಂಗೀಠಿ, ಜೂನ್‌ನಲ್ಲಿ ಕಾದ ತಾರಸಿ, ವರ್ಷವಿಡೀ ಬಿಸಿನೀರಿನ ಬಕೆಟ್ಟು, ಇವೇ ಶತ್ರುಗಳು. ದಿನವೂ ರಾತ್ರಿ ಪಾದ, ಹಿಮ್ಮಡಿ, ಕುಂಡೆ ನೋಡಿ. ಕ್ಯಾಲಿಪರ್ ಬಿಚ್ಚಿದ ಅರ್ಧ ಗಂಟೆಯ ನಂತರವೂ ಕೆಂಪು ಹೋಗದಿದ್ದರೆ ಅದನ್ನು ಮತ್ತೆ ಹಾಕದೆ ತೋರಿಸಿ.

2. ಮೂಳೆ. ಪೆಟ್ಟು ಬಿದ್ದ ನೆನಪಿಲ್ಲದಿದ್ದರೂ ಕಾಲು ಊದಿ, ಕೆಂಪಾಗಿ, ಬೆಚ್ಚಗಿದ್ದರೆ ಮೂಳೆ ಮುರಿದಿರಬಹುದು. ಮಗು ಅಳುತ್ತಿಲ್ಲ ಎಂದು ಬಿಡಬೇಡಿ.

3. ಮೂತ್ರ. ಮೂತ್ರಕೋಶ ಪೂರ್ತಿ ಖಾಲಿಯಾಗದಿದ್ದರೆ ಮೂತ್ರಪಿಂಡ ಹಾಳಾಗುತ್ತದೆ. ಕಾಲಿನ ಚಿಂತೆಯಲ್ಲಿ ಮನೆಯವರು ಮರೆಯುವ ವಿಷಯ ಇದು. ವೈದ್ಯರು ಹೇಳಿದ ಹೊತ್ತಿಗೆ, ಸಾಮಾನ್ಯವಾಗಿ ಮೂರು ನಾಲ್ಕು ಗಂಟೆಗೊಮ್ಮೆ, ಶುಚಿಯಾದ ಸಣ್ಣ ಕ್ಯಾಥೆಟರ್ ಹಾಕಿ ಮೂತ್ರ ತೆಗೆಯುವ ವಿಧಾನವನ್ನು ಅಮೆರಿಕದ ವೈದ್ಯ ಜ್ಯಾಕ್ ಲ್ಯಾಪಿಡಿಸ್ 1972ರಲ್ಲಿ ಪ್ರಕಟಿಸಿದರು. ಸೋಪಿನಿಂದ ಕೈ ತೊಳೆದು ಮನೆಯಲ್ಲೇ ತಾಯಿ ಮಾಡಬಹುದು, ದೊಡ್ಡವರಾದ ಮೇಲೆ ಮಕ್ಕಳು ತಾವೇ ಮಾಡಿಕೊಳ್ಳುತ್ತಾರೆ.

4. ಶಂಟ್. ವಾಂತಿ, ತಲೆನೋವು, ಮಂಪರು, ಫಿಟ್ಸ್, ಎಳೆಮಗುವಾದರೆ ನೆತ್ತಿ ಉಬ್ಬುವುದು: ಇವು ಶಂಟ್ ಕಟ್ಟಿಕೊಂಡಿರುವ ಸೂಚನೆ ಇರಬಹುದು. ಕಾಯದೆ ಆಸ್ಪತ್ರೆಗೆ ಹೋಗಿ.

5. ಹಿನ್ನಡೆ. ಚೆನ್ನಾಗಿ ನಡೆಯುತ್ತಿದ್ದ ಮಗು ಎಡವತೊಡಗಿದರೆ, ಬೆನ್ನು ನೋವು ಎಂದರೆ, ಬೆನ್ನು ಡೊಂಕಾದರೆ, ಮೂತ್ರ ಹೊಸದಾಗಿ ಸೋರಿದರೆ, ಬೆನ್ನುಹುರಿ ಹಳೆಯ ಗಾಯಕ್ಕೆ ಅಂಟಿಕೊಂಡು ಜಗ್ಗುತ್ತಿರಬಹುದು. ಬೇಗ ಕಂಡುಹಿಡಿದರೆ ಪರಿಹಾರವಿದೆ.

ಇನ್ನೊಂದು ಸೂಕ್ಷ್ಮ: ಈ ಮಕ್ಕಳಲ್ಲಿ ಹಲವರಿಗೆ ರಬ್ಬರ್ ಲೇಟೆಕ್ಸ್ ಅಲರ್ಜಿ ಬರುತ್ತದೆ. ಹುಟ್ಟುಹಬ್ಬದ ಬಲೂನು ದೂರವಿಡಿ. ಆಸ್ಪತ್ರೆಯಲ್ಲಿ ಕೈಗವಸಿನ ವಿಷಯ ಮೊದಲೇ ಹೇಳಿ.

ತಡೆಯಬಹುದೇ?

ಬಹಳಷ್ಟು ತಡೆಯಬಹುದು, ಅದೂ ಅತ್ಯಂತ ಅಗ್ಗದ ಮಾತ್ರೆಯಿಂದ. ಆ ಕತೆ ನಮ್ಮ ದೇಶದಲ್ಲೇ ಶುರುವಾದದ್ದು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಯೀಸ್ಟಿನ ಸಾರ ಕೊಟ್ಟರೆ ಅದು ಗುಣವಾಗುತ್ತದೆ ಎಂದು ತೋರಿಸಿದರು. ಆ ಸಾರದಲ್ಲಿದ್ದ ಜೀವಸತ್ವವನ್ನು 1941ರಲ್ಲಿ ಅಮೆರಿಕದಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಹಿಂದೆ ಇದ್ದವರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. 1991ರಲ್ಲಿ ಏಳು ದೇಶಗಳ 33 ಕೇಂದ್ರಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ ಬಂತು: ಹಿಂದೆ ಇಂಥ ಮಗು ಹೆತ್ತ ತಾಯಂದಿರು ಗರ್ಭ ಧರಿಸುವ ಮೊದಲೇ ಫೋಲಿಕ್ ಆಮ್ಲ ತೆಗೆದುಕೊಂಡಾಗ, ಮತ್ತೆ ಹಾಗಾಗುವ ಸಾಧ್ಯತೆ 72 ಶೇಕಡಾ ಕಡಿಮೆಯಾಗಿತ್ತು.

ಗರ್ಭ ಧರಿಸುವ ಮೊದಲೇ ಎಂಬುದನ್ನು ನೆನಪಿಡಿ. ಮಗು ಬಯಸುವವರು ಕನಿಷ್ಠ ಒಂದು ತಿಂಗಳು ಮುಂಚಿನಿಂದ ಮೂರನೆಯ ತಿಂಗಳು ತುಂಬುವವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳಬೇಕು. ಹಿಂದಿನ ಮಗುವಿಗೆ ಈ ದೋಷವಿದ್ದರೆ ಅದರ ಹತ್ತರಷ್ಟು, ಅಂದರೆ 4 ಮಿಲಿಗ್ರಾಂ ಬೇಕು. ಅದು ವೈದ್ಯರ ಸಲಹೆಯಂತೆಯೇ ಆಗಬೇಕು. ಸಕ್ಕರೆ ಕಾಯಿಲೆ ಇರುವವರು, ಫಿಟ್ಸ್‌ಗೆ ಮಾತ್ರೆ ನುಂಗುವವರು ಮೊದಲೇ ಕೇಳಿಕೊಳ್ಳಿ. ಮೆಂತ್ಯ ಸೊಪ್ಪು, ಪಾಲಕ್, ಹೆಸರುಕಾಳು, ಕಡಲೆ, ಶೇಂಗಾ ತಿನ್ನಿ, ಆದರೆ ಮಾತ್ರೆಯ ಬದಲಿಗೆ ಅಲ್ಲ. ಬೇಯಿಸಿದಾಗ ಈ ಸತ್ವ ಸಾಕಷ್ಟು ಹೋಗಿಬಿಡುತ್ತದೆ. ಮದುವೆ ನಿಶ್ಚಯವಾದ ಮನೆಗಳಲ್ಲಿ ಸೀರೆ, ಒಡವೆಯ ಜೊತೆ ಈ ಮಾತೂ ಒಮ್ಮೆ ಬರಲಿ.

ನಮ್ಮ ಕೈಗೆಟಕುವ ಸೌಲಭ್ಯಗಳು

ಓಖ್ಲಾದಲ್ಲಿ ದುಡಿಯುವ ಕುಟುಂಬ ನೆರವು ಕೇಳಿ ಬಂದರೆ ಮೊದಲು ಕೇಳಬೇಕಾದದ್ದು: ಇಎಸ್‌ಐ ಕಾರ್ಡ್ ಇದೆಯೇ? ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವಿದ್ದು ಹೆಸರು ನೋಂದಾಯಿತವಾಗಿದ್ದರೆ ಹೆಂಡತಿ ಮಕ್ಕಳಿಗೂ ಚಿಕಿತ್ಸೆ ಸಿಗುತ್ತದೆ. ಓಖ್ಲಾ ಫೇಸ್ ಒಂದರಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಐಟಿಒ ಹತ್ತಿರದ ಪಂಡಿತ ದೀನದಯಾಳ ಉಪಾಧ್ಯಾಯ ರಾಷ್ಟ್ರೀಯ ಸಂಸ್ಥೆಯಲ್ಲಿ ಅಂಗವಿಕಲರಿಗೆ ಫಿಸಿಯೊಥೆರಪಿ ಮತ್ತು ಕ್ಯಾಲಿಪರ್ ತಯಾರಿಕೆ ಒಂದೇ ಕಡೆ ಇವೆ. ಹರಕೇಶ್ ನಗರ ಓಖ್ಲಾ ನಿಲ್ದಾಣದಿಂದ ನೇರಳೆ ಮೆಟ್ರೊದಲ್ಲಿ ಗಾಡಿ ಬದಲಿಸದೆ ಐಟಿಒ ತಲುಪಬಹುದು. ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಆದಾಯ ಮಿತಿಯೊಳಗಿನವರಿಗೆ ಸಲಕರಣೆ ಉಚಿತ ಅಥವಾ ರಿಯಾಯಿತಿಯಲ್ಲಿ ಸಿಗುತ್ತದೆ. ಅಂಗವೈಕಲ್ಯದ ಯುಡಿಐಡಿ ಕಾರ್ಡ್ ಮಾಡಿಸಿದ್ದರೆ ಇಂಥ ಸೌಲಭ್ಯಗಳ ದಾರಿ ಸುಲಭ. ಊರಿಗೆ ಮರಳುವ ಕುಟುಂಬಗಳಿಗೆ ಬೆಂಗಳೂರಿನಲ್ಲಿ ಎನ್. ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ ಎಪಿಡಿ ಇದೆ.

ಸೌಲಭ್ಯ ಇದ್ದರೆ ನಮ್ಮ ಹಣ ಏಕೆ ಬೇಕು ಎಂದು ಕೇಳಬಹುದು. ವಾರಕ್ಕೆ ಎರಡು ದಿನ ಮಗುವನ್ನು ಎತ್ತಿಕೊಂಡು ಹೋಗಲು ಆಟೊ ಬೇಕು. ತಾಯಿಗೆ ಹಿಂದಿ ಬಾರದ್ದರಿಂದ ಆ ದಿನಗಳಲ್ಲಿ ತಂದೆ ಜೊತೆಗೆ ಹೋಗಬೇಕು. ಪೀಸ್ ಲೆಕ್ಕದ ಕೆಲಸದಲ್ಲಿ ಹೋಗದ ದಿನ ಕೂಲಿ ಇಲ್ಲ. ಸರದಿಯ ಕ್ಯಾಲಿಪರ್ ಬರುವುದರೊಳಗೆ ಪಾದ ಮತ್ತೆ ಬೆಳೆದಿರುತ್ತದೆ. ಕ್ಯಾಥೆಟರ್, ಡೈಪರ್ ದಿನದ ಖರ್ಚು. ದೊಡ್ಡ ಬಿಲ್ಲಿಗೆ ಕೈಜೋಡಿಸುವವರು ಸಿಗುತ್ತಾರೆ. ಈ ಸಣ್ಣ ಖರ್ಚುಗಳಿಗೆ ರಸೀದಿಯೂ ಇಲ್ಲ, ಕೇಳುವವರೂ ಇಲ್ಲ. ಚಿಕಿತ್ಸೆ ನಿಲ್ಲುವುದು ಇಲ್ಲಿ.

ನಮ್ಮ ಸಂಘದ ನೆರವು ಇದುವರೆಗೆ ಒಂದು ಅರ್ಜಿಗೆ ಒಂದು ಸಲ ಎಂಬ ಕ್ರಮದಲ್ಲಿ ನಡೆದಿದೆ. ಅಪಘಾತಕ್ಕೆ, ಹೃದಯದ ಆಪರೇಷನ್‌ಗೆ ಅದು ಸರಿ. ಸ್ಪೈನಾ ಬೈಫಿಡಾದಂಥ ಕಾಯಿಲೆಗೆ ಸಾಲದು. ಆದ್ದರಿಂದ ನನ್ನ ಬೇಡಿಕೆ ಇಷ್ಟು:

ಈ ಮಗುವಿಗೆ ಹೊಸ ಕ್ಯಾಲಿಪರ್ ಜೋಡಿ ಮತ್ತು ಬೂಟು ಕೂಡಲೇ ಬೇಕು. ಅದರ ಜೊತೆಗೆ ಒಂದು ವರ್ಷದ ಓಡಾಟ ಮತ್ತು ಕ್ಯಾಥೆಟರ್ ಖರ್ಚನ್ನು ತಿಂಗಳು ತಿಂಗಳು ಕೊಡುವ ದಾನಿಗಳು ಬೇಕು. ಮೊತ್ತ ಚಿಕ್ಕದಿರಲಿ, ತಿಂಗಳು ತಪ್ಪದಿರಲಿ. ಹಣವೇ ಆಗಬೇಕೆಂದಿಲ್ಲ: ವಾರಕ್ಕೊಮ್ಮೆ ಕಾರಿನಲ್ಲಿ ಕರೆದೊಯ್ಯುವವರು, ಆಸ್ಪತ್ರೆಯ ಕೌಂಟರಿನಲ್ಲಿ ತಾಯಿಯ ಪರವಾಗಿ ಹಿಂದಿಯಲ್ಲಿ ಮಾತನಾಡುವವರು, ಯುಡಿಐಡಿ ಅರ್ಜಿ ತುಂಬಿಕೊಡುವವರು ಇದ್ದರೆ ತಂದೆಯ ಎಷ್ಟೋ ದಿನದ ಕೂಲಿ ಉಳಿಯುತ್ತದೆ. ಹಣ ಕಳುಹಿಸುವ ವಿವರ ಕೊನೆಯ ಪುಟದಲ್ಲಿದೆ. ‘ಫಿಸಿಯೊಥೆರಪಿ ನೆರವು’ ಎಂದು ಬರೆಯಿರಿ. ಖರ್ಚಿನ ಲೆಕ್ಕವನ್ನೂ ಮಗುವಿನ ಪ್ರಗತಿಯನ್ನೂ ಮೂರು ತಿಂಗಳಿಗೊಮ್ಮೆ ಇದೇ ಪತ್ರದಲ್ಲಿ ಕೊಡುತ್ತೇವೆ.

ಇನ್ನೆರಡು ವರ್ಷಕ್ಕೆ ಅವಳು ಶಾಲೆಗೆ ಹೋಗುವ ವಯಸ್ಸಿಗೆ ಬರುತ್ತಾಳೆ. ಆ ಹೊತ್ತಿಗೆ ವಾಕರ್ ಹಿಡಿದು ತರಗತಿಯ ಬಾಗಿಲು ದಾಟಬೇಕು ಎಂಬುದು ನಾವು ಹಾಕಿಕೊಂಡಿರುವ ಗುರಿ. ಅವಳ ಸ್ನಾಯುಗಳನ್ನು ನೋಡಿ ಹೇಳುವುದಾದರೆ ಅದು ಸಾಧ್ಯವಿರುವ ಗುರಿ. ನಡುವಿನ ಎರಡು ವರ್ಷ ಚಿಕಿತ್ಸೆ ತಪ್ಪದಂತೆ ನೋಡಿಕೊಳ್ಳಲು ನಿಮ್ಮ ನೆರವು ಬೇಕು.


ವೈದ್ಯಕೀಯ ನೆರವು ಸಮಿತಿಯ ಪರವಾಗಿ